ಎದ್ದು ಹೋಗಿ ಎಣಿಸಿದವನು

ಹವಲ್ಲಿ, ನಾಲ್ಕನೆಯ ಮಹಡಿ

ಕುವೈತ್‌ನಲ್ಲಿ ಏನೇನು ನೋಡಿದಿರಿ ಎಂದು ಕೇಳಿದವರಿಗೆಲ್ಲ ನಾನು ನಿರಾಸೆ ಮಾಡಿದ್ದೇನೆ. ಸಮುದ್ರದಂಡೆಯ ಗೋಪುರಗಳನ್ನು ಕಾರಿನ ಕಿಟಕಿಯಿಂದ ನೋಡಿದೆ, ಅದೂ ಧೂಳಿನ ನಡುವೆ. ಚಿನ್ನದ ಅಂಗಡಿಗೆ ಕಾಲಿಡಲಿಲ್ಲ. ಎಣ್ಣೆಯ ಬಾವಿ ಹೇಗಿರುತ್ತದೆಂದು ಇವತ್ತಿಗೂ ಗೊತ್ತಿಲ್ಲ. ಒಂಬತ್ತು ದಿನಗಳಲ್ಲಿ ನಾನು ಸರಿಯಾಗಿ ನೋಡಿದ್ದು ಒಂದೇ ವಸ್ತುವನ್ನು. ಬೂದು ರಟ್ಟಿನ, ಮೂಲೆಯನ್ನು ಗೆದ್ದಲು ತಿಂದ, ನೂರು ವರ್ಷಕ್ಕೂ ಹಳೆಯದಾದ ಒಂದು ನಡಾವಳಿ ಪುಸ್ತಕ. ಅದು ನಮ್ಮ ಊರಿನದೇ. ಅದನ್ನು ನೋಡಲು ನಾನು ಕಡಲು ದಾಟಬೇಕಾಯಿತು.

ನಾನು ಕರಾವಳಿಯ ಒಂದು ಹಳೆಯ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು. ಕೊನೆಯ ಎರಡು ವರ್ಷ ಆ ಕಾಲೇಜಿನ ಚರಿತ್ರೆಯನ್ನು ಬರೆದೆ. ಇಂಥ ಪುಸ್ತಕಗಳನ್ನು ಸಾಮಾನ್ಯವಾಗಿ ಯಾರೂ ಓದುವುದಿಲ್ಲ. ನನ್ನದನ್ನು ಓದಿದರು, ಏಕೆಂದರೆ ಅದು ನಗಿಸುತ್ತದೆ. ನಗಿಸುವ ಮೇಡಂ ಎಂಬ ಹೆಸರು ನನಗೆ ತರಗತಿಯಲ್ಲಿಯೇ ಬಂದಿತ್ತು, ಆ ಬಗ್ಗೆ ಒಳಗೊಳಗೇ ಜಂಬವೂ ಇತ್ತು. ಆ ಪುಸ್ತಕ ಕುವೈತ್‌ನಲ್ಲಿರುವ ನಮ್ಮ ಕಡೆಯವರ ಕೈಗೆ ಸಿಕ್ಕಿ, ಅವರ ಕೂಟವೊಂದು ‘ನಮ್ಮ ಅಜ್ಜಂದಿರ ಕಾಲೇಜು’ ಎಂಬ ವಿಷಯದ ಮೇಲೆ ಮಾತಾಡಿ ಎಂದು ನನ್ನನ್ನು ಕರೆಸಿಕೊಂಡಿತು. ಇರಾಕ್ ಕುವೈತನ್ನು ಆಕ್ರಮಿಸಿದ ಯುದ್ಧ ಮುಗಿದು ಹದಿನೇಳು ವರ್ಷ ಕಳೆದಿತ್ತು. ನಾನು ಯುದ್ಧದ ಕುರುಹು ಕಾಣುತ್ತದೆಂದು ಕಾದಿದ್ದೆ. ಕಂಡದ್ದು ಮೊಬೈಲ್ ಅಂಗಡಿಗಳ ಸಾಲು.

ಇಳಿದುಕೊಂಡದ್ದು ಹವಲ್ಲಿ ಎಂಬ ಬಡಾವಣೆಯಲ್ಲಿ, ವನಜಳ ಮನೆಯಲ್ಲಿ. ವನಜ ನನ್ನ ಹಳೆಯ ವಿದ್ಯಾರ್ಥಿನಿ. ಅವಳ ಗಂಡ ಸದಾನಂದ ಒಂದು ಹೋಟೆಲಿನಲ್ಲಿ ಸಾಮಾನು ಖರೀದಿ ನೋಡಿಕೊಳ್ಳುತ್ತಾರೆ. ಗಂಡ ಹೆಂಡತಿ ತಮ್ಮೊಳಗೆ ತುಳು, ನನ್ನೊಡನೆ ಕನ್ನಡ, ಮಗಳೊಡನೆ ಕನ್ನಡದಲ್ಲಿ ಆರಂಭಿಸಿ ಇಂಗ್ಲಿಷಿನಲ್ಲಿ ಮುಗಿಸುತ್ತಾರೆ. “ಊಟ ಮಾಡಿದ್ಯಾ ಮಗಾ?” ಎಂದರೆ ಆ ಹುಡುಗಿ “ಆಲ್ರೆಡಿ, ಅಮ್ಮಾ” ಎನ್ನುತ್ತದೆ. ನಮ್ಮ ಕಾಲೇಜಿನ ಮೊದಲ ಚರ್ಚಾಕೂಟದಲ್ಲಿ ಸಭೆಯ ನಡುವೆ ಕನ್ನಡವೋ ತುಳುವೋ ಕೊಂಕಣಿಯೋ ಬಾಯಿಗೆ ಬಂದವನಿಗೆ ದಂಡ ವಿಧಿಸುತ್ತಿದ್ದರು. ಇಲ್ಲಿ ದಂಡದ ಅಗತ್ಯವೇ ಇಲ್ಲದೆ ಕೆಲಸ ಆಗಿಬಿಟ್ಟಿದೆ.

ಬಂದ ದಿನವೇ ಒಂದು ಅವಘಡವಾಯಿತು. ವನಜಳಿಗೆಂದು ತಂದ ಮಾವಿನ ಮಿಡಿ ಉಪ್ಪಿನಕಾಯಿಯ ಜಾಡಿ ಪೆಟ್ಟಿಗೆಯೊಳಗೇ ಒಡೆದು, ನನ್ನ ರೇಷ್ಮೆ ಸೀರೆಯನ್ನೂ ಭಾಷಣದ ಹದಿನಾಲ್ಕು ಹಾಳೆಗಳನ್ನೂ ನೆನೆಸಿಬಿಟ್ಟಿತ್ತು. ಸೀರೆಯನ್ನು ವನಜ ಮೂರು ಸಲ ತೊಳೆದಳು. ಹಾಳೆಗಳನ್ನು ತೊಳೆಯುವ ಉಪಾಯ ಅವಳಿಗೂ ಗೊತ್ತಿರಲಿಲ್ಲ. “ನಿಮಗೆಂತಕ್ಕೆ ಟೀಚರ್ ಕಾಗದ? ಕಣ್ಣು ಮುಚ್ಚಿದ್ರೆ ಎಲ್ಲ ಬರ್ತದಲ್ಲ ನಿಮಗೆ” ಎಂದಳು. ಬರುತ್ತದೆ ಎಂದೇ ನಾನೂ ನಂಬಿದ್ದೆ.

ಮೊದಲ ಶುಕ್ರವಾರ

ಅಲ್ಲಿ ಶುಕ್ರವಾರ ರಜೆ. ಒಂದು ಶಾಲೆಯ ಸಭಾಂಗಣ ತುಂಬಿತ್ತು. ಆಸ್ಪತ್ರೆಯವರು, ಕಚೇರಿಯವರು, ಹೋಟೆಲಿನವರು, ಅವರ ಮಕ್ಕಳು. ಕಾಗದವಿಲ್ಲದೆ ಎದ್ದು ನಿಂತೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದ ನಮ್ಮ ಕಾಲೇಜನ್ನು ಅವರ ಕಣ್ಣೆದುರು ತರಲು ನೋಡಿದೆ. ಮೇಲೆ ಕರಿಯ ಕೋಟು, ಕೆಳಗೆ ಪಂಚೆ, ಬರಿಗಾಲು, ತಲೆಯಲ್ಲಿ ಜುಟ್ಟು ಅಥವಾ ಟೊಪ್ಪಿ. ದೋಣಿಯಲ್ಲಿ ಹೊಳೆ ದಾಟಿ, ಮೈಲುಗಟ್ಟಲೆ ನಡೆದು ಬರುತ್ತಿದ್ದ ಹುಡುಗರು. ಶನಿವಾರ ಸಂಜೆ ನಾಲ್ಕಕ್ಕೆ ಚರ್ಚಾಕೂಟ. ಒಬ್ಬೊಬ್ಬನಿಗೆ ಎಂಟು ನಿಮಿಷ. ಅಧ್ಯಕ್ಷರಾದ ಅಧ್ಯಾಪಕರು ಜೇಬಿನ ಗಡಿಯಾರವನ್ನು ಮೇಜಿನ ಮೇಲೆ ಬಿಚ್ಚಿಡುತ್ತಿದ್ದರು. ಎದುರಾಳಿಯನ್ನು ‘ಮಾನ್ಯ ಸದಸ್ಯರು’ ಎಂದೇ ಕರೆಯಬೇಕು, ಆ ಮಾನ್ಯ ಸದಸ್ಯ ಬೆಳಿಗ್ಗೆ ಹೊಳೆಯಲ್ಲಿ ತನ್ನ ಪಂಚೆ ಅಡಗಿಸಿಟ್ಟವನೇ ಆದರೂ. ಹೆಣ್ಣುಮಕ್ಕಳಿಗೆ ಲೆಕ್ಕ ಕಲಿಸಬೇಕೇ? ನಾಟಕ ನೋಡುವುದು ವಿದ್ಯಾರ್ಥಿಗೆ ತಕ್ಕದ್ದೇ? ಕತ್ತಿ ದೊಡ್ಡದೋ ಲೇಖನಿ ದೊಡ್ಡದೋ? ಇಂಥ ಪ್ರಶ್ನೆಗಳಿಗೆ ಹದಿನೆಂಟು ವರ್ಷದ ಹುಡುಗರು ಬಾಯಿಪಾಠ ಮಾಡಿದ ಇಂಗ್ಲಿಷಿನಲ್ಲಿ ಬೆವರು ಸುರಿಸಿ ವಾದಿಸುತ್ತಿದ್ದರು. ಕೊನೆಗೆ ಕೈ ಎತ್ತಿ ಮತ. ಕಾರ್ಯದರ್ಶಿ ಎಣಿಸಿ ನಡಾವಳಿ ಪುಸ್ತಕದಲ್ಲಿ ಬರೆಯುತ್ತಿದ್ದ. ಮುಂದಿನ ಶನಿವಾರ ಅದನ್ನು ಓದಿ, ಸರಿಯಿದೆ ಎಂದು ಸಭೆ ಕೈ ಎತ್ತಿದ ಮೇಲೆ ಅಧ್ಯಕ್ಷರ ಸಹಿ. ಸಹಿ ಬೀಳುವವರೆಗೆ ಆ ಬರಹಕ್ಕೆ ಬೆಲೆಯಿಲ್ಲ.

ಆಮೇಲೆ ನನ್ನ ಪುಸ್ತಕದ ಹೆಸರಾಂತ ಪ್ರಸಂಗಕ್ಕೆ ಬಂದೆ. ಬರೆದ ಭಾಷಣದಲ್ಲಿ ಅದಕ್ಕೆ ಮೂರೇ ಸಾಲು ಕೊಟ್ಟಿದ್ದೆ. ಕಾಗದವಿಲ್ಲದ ಕಾರಣ, ನಗು ಬರುತ್ತಿದ್ದ ಕಾರಣ, ಅದೇ ಕಾಲು ಗಂಟೆಯಾಯಿತು.

ಪ್ರಸಂಗ ಇಷ್ಟು. ಒಂದು ಶನಿವಾರದ ಚರ್ಚೆ, ‘ಕಡಲು ದಾಟಿ ಹೋಗಿ ಬಂದವನನ್ನು ಮರಳಿ ಮನೆಗೂ ಪಂಕ್ತಿಗೂ ಸೇರಿಸಿಕೊಳ್ಳಬೇಕು’ ಎಂಬುದು. ಆ ಕಾಲಕ್ಕೆ ಊರು ಒಡೆಯುವಂಥ ಪ್ರಶ್ನೆ. ಅಂದು ಹಾಜರಿದ್ದವರು ಇಪ್ಪತ್ತೆರಡು ಜನ. ಸಾಲ್ವದೋರ್ ಎಂಬ ಕಾರ್ಯದರ್ಶಿ ಬರೆದದ್ದು, ಪರ ಹದಿನೈದು, ವಿರೋಧ ಹನ್ನೆರಡು. ಒಟ್ಟು ಇಪ್ಪತ್ತೇಳು! ಅಧ್ಯಕ್ಷರು ತಿದ್ದು ಎಂದರೆ ತಿದ್ದಲಿಲ್ಲ. ಕಾಲೇಜಿನಿಂದ ಹೆಸರು ಹೊಡೆದುಹಾಕಿದಾಗ ಪುಸ್ತಕವನ್ನೇ ಎತ್ತಿಕೊಂಡು ನಡೆದ. ಪ್ರಾಂಶುಪಾಲರ ಆ ವರ್ಷದ ವರದಿಯಲ್ಲಿ ಇಷ್ಟು ಮಾತ್ರ ಇದೆ. ಉಳಿದದ್ದನ್ನು ನಾನು ಸೇರಿಸಿದೆ. “ಇಪ್ಪತ್ತೆರಡು ತಲೆ, ಇಪ್ಪತ್ತೇಳು ಕೈ! ಉಳಿದ ಐದು ಕೈ ಯಾರದ್ದು ಅಂತ ನಾನು ತುಂಬ ಸಂಶೋಧನೆ ಮಾಡಿದೆ. ನಮ್ಮ ಊರಿನಲ್ಲಿ ಭೂತಗಳಿಗೇನು ಬರಗಾಲವೇ? ಐದು ಭೂತಗಳು ಬಂದು ವೋಟು ಹಾಕಿ ಹೋಗಿರಬೇಕು.”

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಹಿಂದಿನ ಸಾಲಿನಲ್ಲಿ ಬೂದು ಸಫಾರಿ ತೊಟ್ಟ ಹಿರಿಯರೊಬ್ಬರು ಮಾತ್ರ ನಗದೆ ತಮ್ಮ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಅವರಿಗೆ ಕಿವಿ ಮಂದವಿರಬೇಕು ಎಂದುಕೊಂಡೆ.

ಮರಳಿ ಮನೆಗೆ

ನನ್ನನ್ನು ಕರೆದೊಯ್ದು ಕರೆತರುತ್ತಿದ್ದವನು ಕೂಸಪ್ಪ. ಮೀನಾ ಅಬ್ದುಲ್ಲಾದ ಕಾರ್ಖಾನೆ ಕಡೆ ಗುತ್ತಿಗೆ ಕಂಪನಿಯ ಬಸ್ಸು ಓಡಿಸುವವನು, ನಲವತ್ತು ದಾಟಿದ ಬಂಟ್ವಾಳದ ಕಡೆಯ ಮನುಷ್ಯ. ರಜೆಯ ದಿನ ಕೂಟದ ಕೆಲಸಕ್ಕೆಂದು ತಾನಾಗಿಯೇ ಬರುತ್ತಾನೆ. ಅಷ್ಟಾಗಿಯೂ ಭಾಷಣದ ಹೊತ್ತಿಗೆ ಕಾರಿನಲ್ಲೇ ಕೂತಿದ್ದ. ಒಳಗೆ ಕುರ್ಚಿ ಸಾಕಾಗಲಿಲ್ಲ ಎಂದ.

“ಒಳಗೆ ಅಷ್ಟು ನಗುದು ಕೇಳಿತು ಮೇಡಂ. ಎಂತ ಜೋಕು?”

ನಾನು ಮತ್ತೊಮ್ಮೆ ಹೇಳಿದೆ, ಭೂತಗಳ ಸಮೇತ. ಕೂಸಪ್ಪ ಮರ್ಯಾದೆಗೆ ನಕ್ಕ. ಎರಡು ಸಿಗ್ನಲ್ ದಾಟಿದ ಮೇಲೆ ಕೇಳಿದ. “ಅಲ್ಲ ಮೇಡಂ, ಆ ಐದು ಜನ ಯಾರಂತೆ?”

“ಯಾರೂ ಇಲ್ಲ ಕೂಸಪ್ಪ. ಅದೇ ಜೋಕು.”

“ಹೌದಾ” ಎಂದ. ಆದರೂ ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ. ಇವನಿಗೆ ಹಾಸ್ಯ ಅರ್ಥವಾಗಲಿಲ್ಲ ಎಂದು ನಾನು ಅಂದು ತೀರ್ಮಾನಿಸಿದೆ. ಮೂವತ್ತೊಂದು ವರ್ಷ ಇತಿಹಾಸ ಕಲಿಸಿದವಳು ಕೇಳಬೇಕಾಗಿದ್ದ ಒಂದೇ ಪ್ರಶ್ನೆಯನ್ನು ಬಸ್ಸು ಓಡಿಸುವವನು ಕೇಳಿದ್ದ.

ದಿವಾನಿಯಾ

ಭಾನುವಾರ ಸಂಜೆ ಸದಾನಂದರ ಕಫೀಲ್, ಅಂದರೆ ಅವರ ವೀಸಾಕ್ಕೆ ಹೊಣೆ ನಿಂತ ಒಡೆಯ, ಭಾರತದಿಂದ ಅಧ್ಯಾಪಕಿ ಬಂದಿದ್ದಾರೆಂದು ತಿಳಿದು ಮನೆಗೆ ಕರೆದರು. ಕುವೈತ್‌ನವರ ಮನೆಗಳಲ್ಲಿ ದಿವಾನಿಯಾ ಎಂಬ ದೊಡ್ಡ ಕೋಣೆ ಇರುತ್ತದೆ. ಸಂಜೆ ಗಂಡಸರು ಅಲ್ಲಿ ಸೇರಿ ಊರಿನ, ಸಂಸತ್ತಿನ, ಫುಟ್‌ಬಾಲಿನ ವಿಚಾರವನ್ನೆಲ್ಲ ಚರ್ಚಿಸುತ್ತಾರೆ. ನಾಲ್ಕು ಗೋಡೆಗೂ ತಾಗಿಸಿ ಮೆತ್ತನೆಯ ಆಸನ. ಬಂದವನು ಒಂದು ಕಡೆಯಿಂದ ಶುರುಮಾಡಿ ಎಲ್ಲರ ಕೈ ಕುಲುಕಿಯೇ ಕೂರಬೇಕು. ಯಾರೂ ಯಾರ ಹಿಂದೆಯೂ ಕೂರುವುದಿಲ್ಲ. ಹಿಂದಿನ ಬೆಂಚು ಎಂಬುದೇ ಇಲ್ಲದ ಚರ್ಚಾಕೂಟ ಎಂದು ನನಗೆ ಖುಷಿಯಾಯಿತು.

ಖುಷಿ ಬಾಗಿಲವರೆಗೆ ಮಾತ್ರ. ಒಡೆಯರು ಎದೆಗೆ ಕೈಯಿಟ್ಟು ನಮಸ್ಕರಿಸಿ, ಬಹಳ ಗೌರವದಿಂದ ನನ್ನನ್ನು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಅವರ ಅಕ್ಕ ಇದ್ದರು. ಎಲ್ಲರೂ ಉಮ್ ಖಾಲಿದ್ ಎನ್ನುತ್ತಾರೆ, ಖಾಲಿದನ ತಾಯಿ ಎಂದು. ಎಪ್ಪತ್ತರ ಹೆಂಗಸು. ತಂದೆ ಮುಂಬಯಿಯಲ್ಲಿ ಮುತ್ತಿನ ವ್ಯಾಪಾರ ಮಾಡುತ್ತಿದ್ದಾಗ ಬಾಲ್ಯ ಅಲ್ಲಿ ಕಳೆದವರು, ಹಾಗಾಗಿ ಚೊಕ್ಕ ಹಿಂದಿ. ನಡುವಿನ ಬಾಗಿಲು ಅರೆ ತೆರೆದಿತ್ತು. ಆ ಕಡೆ ಗಂಡಸರ ದನಿ ಏರುತ್ತ ಇಳಿಯುತ್ತ ಇತ್ತು. ಆಕೆ ನನಗೆ ಏಲಕ್ಕಿ ಹಾಕಿದ ಕಾಫಿ ಬಗ್ಗಿಸಿಕೊಡುತ್ತ ಅವರ ವಾದವನ್ನು ಅನುವಾದಿಸಿ ಹೇಳಿದರು, ಯಾರದ್ದು ಗಟ್ಟಿ, ಯಾರದ್ದು ಬುರುಡೆ ಎಂಬ ತೀರ್ಪಿನ ಸಮೇತ.

“ನಲವತ್ತು ವರ್ಷದಿಂದ ಈ ಜಾಗದಲ್ಲಿ ಕೂತು ಕೇಳ್ತಾ ಇದ್ದೇನೆ ಬೆಹನ್. ಅಲ್ಲಿ ಕೂತವರಿಗಿಂತ ಹೆಚ್ಚು ನಾನೇ ಕೇಳಿದ್ದೇನೆ. ಅವರು ನಡುವೆ ಎದ್ದು ಹೋಗ್ತಾರಲ್ಲ” ಎಂದರು. ಅಲ್ಲಿ ಹೆಂಗಸರಿಗೆ ಮತದ ಹಕ್ಕು ಬಂದು ಆಗಿನ್ನೂ ಕೆಲವೇ ವರ್ಷ. “ಮೊದಲ ಸಲ ಮತ ಹಾಕಿ ಬಂದ ದಿನ ತಮ್ಮ ಕೇಳಿದ, ಯಾರಿಗೆ ಹಾಕಿದೆ? ಇಷ್ಟು ವರ್ಷ ಕೇಳದಿದ್ದವನು ಅವತ್ತು ಕೇಳಿದ. ನಾನು ಹೇಳಲಿಲ್ಲ.”

ನಾನು ನಕ್ಕೆ, ಅವರು ನಗಲಿಲ್ಲ. ಹೊರಡುವಾಗ ಸದಾನಂದರು “ಹೇಗಿತ್ತು ಮೇಡಂ? ಇವತ್ತು ಹದಿನೈದು ಜನ ಇದ್ರು” ಎಂದರು. ಪಕ್ಕದ ಕೋಣೆಯ ನಮ್ಮಿಬ್ಬರನ್ನೂ ಸೇರಿಸಿ ಹದಿನೇಳು ಎನ್ನಬೇಕೆನಿಸಿತು.

ಬೆನೆಡಿಕ್ಟ್ ಬರುತ್ತಾರೆ

ಮಂಗಳವಾರ ಮಧ್ಯಾಹ್ನ ವನಜಳ ಮನೆಯ ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ಬೂದು ಸಫಾರಿಯ ಅದೇ ಹಿರಿಯರು, ಕೈಯಲ್ಲಿ ಸೂಪರ್‌ಮಾರ್ಕೆಟ್ಟಿನ ಪ್ಲಾಸ್ಟಿಕ್ ಚೀಲ. ಹೆಸರು ಬೆನೆಡಿಕ್ಟ್. ಮೂವತ್ತು ವರ್ಷದಿಂದ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಕಡತ ಜೋಡಿಸಿಡುವ ಕೆಲಸ. ಮುಂದಿನ ತಿಂಗಳು ಇಕಾಮಾ ಮುಗಿಯುತ್ತದೆ, ವಾಸದ ಪರವಾನಗಿ ಇನ್ನು ಹೊಸದಾಗುವುದಿಲ್ಲ, ಊರಿಗೆ ಹೊರಟಿದ್ದಾರೆ. ಕಿವಿ ಚೆನ್ನಾಗಿಯೇ ಕೇಳಿಸುತ್ತದೆ.

ಕುರ್ಚಿಯ ತುದಿಯಲ್ಲಿ ಕೂತು ಚೀಲದಿಂದ ಒಂದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು.

“ಇದು ಕಾಲೇಜಿನ ವಸ್ತು ಮೇಡಂ. ಸಾಲ್ವದೋರ್ ಅಂದ್ರೆ ನನ್ನ ಅಜ್ಜ. ಕದ್ದು ತಂದದ್ದು. ನೀವು ಊರಿಗೆ ಕೊಂಡೋಗಿ ಕಾಲೇಜಿಗೆ ಕೊಡ್ಬೇಕು. ಯಾರು ಕೊಟ್ರು ಅಂತ ಮಾತ್ರ ಹೇಳ್ಬೇಡಿ.”

ನಿಜ ಹೇಳುತ್ತೇನೆ, ಆ ಕ್ಷಣ ನನಗಾದದ್ದು ಕನಿಕರವಲ್ಲ, ಆಸೆ. ಕಳೆದುಹೋಯಿತೆಂದು ನಾನೇ ಬರೆದಿದ್ದ ಪುಸ್ತಕ ಕೈಯಳತೆಯಲ್ಲಿತ್ತು. ಅವರು ಮಾತಾಡುತ್ತಿದ್ದರೆ ನನ್ನ ಕಣ್ಣು ಅದರ ಮೇಲೇ ಇತ್ತು.

“ತೊಂಬತ್ತರಲ್ಲಿ ಇರಾಕಿನ ಸೈನ್ಯ ಬಂದಾಗ ಇಲ್ಲಿಂದ ಓಡಿದೆವಲ್ಲ, ಬಾಗ್ದಾದ್, ಅಮ್ಮಾನ್ ಅಂತ ಹೋದದ್ದು. ಒಬ್ಬರಿಗೆ ಒಂದೇ ಬ್ಯಾಗು. ಹೆಂಡತಿ ಮದುವೆ ಸೀರೆ ಬಿಟ್ಳು. ನಾನು ಇದನ್ನು ಬಿಡ್ಲಿಲ್ಲ. ಪಪ್ಪಾ ಹೇಳ್ತಿದ್ರು, ನಿನ್ನ ಅಜ್ಜ ಸುಳ್ಳು ಬರೆಯುದಿಲ್ಲ ಅಂತ ಕಾಲೇಜೇ ಬಿಟ್ಟವರು ಅಂತ. ನಾನೂ ಮಕ್ಕಳಿಗೆ ಅದನ್ನೇ ಹೇಳಿದೆ. ಕಾಲೇಜು ಬಿಟ್ಟು ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತ ಆದ್ರು ಅಜ್ಜ. ಆದ್ರೂ ನಮ್ಮ ಮನೆಯಲ್ಲಿ ಅವರ ಫೋಟೋ ದೇವರ ಆಲ್ತಾರಿನ ಪಕ್ಕದಲ್ಲೇ.” ಪುಸ್ತಕದ ಮೂಲೆಯನ್ನು ಬೆರಳಿನಿಂದ ಸವರಿದರು. “ನಿಮ್ಮ ಪುಸ್ತಕ ಬಂದ ಮೇಲೆ ತೆಗೆದು ನೋಡಿದೆ. ನಾನೇ ಎಣಿಸಿದೆ. ಹಾಜರಿ ಇಪ್ಪತ್ತೆರಡು, ವೋಟು ಇಪ್ಪತ್ತೇಳು. ನೀವು ಬರೆದದ್ದು ಸರಿ ಮೇಡಂ. ಖಲಾಸ್. ಈಗ ಮೊಮ್ಮಕ್ಕಳು ಕೇಳಿದ್ರೆ ನಾನು ಬೇರೆ ಮಾತು ಆಡ್ತೇನೆ.”

ಕಾಫಿ ಕುಡಿಯದೆ ಎದ್ದು ಹೋದರು. ಚೀಲವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು. ಅವರ ಅಜ್ಜನನ್ನು ನೋಡಿ ಮುನ್ನೂರು ಜನ ನಕ್ಕದ್ದನ್ನು ಅವರು ಕೂತು ಕೇಳಿದ್ದರು ಎಂಬುದು ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ನನಗೆ ಹೊಳೆಯಿತು.

ಧೂಳಿನ ದಿನ

ಬುಧವಾರ ಬೆಳಗಾಗುವಾಗ ಕಿಟಕಿಯಾಚೆ ಊರೇ ಇರಲಿಲ್ಲ. ಎದುರಿನ ಕಟ್ಟಡ, ರಸ್ತೆ, ಮಸೀದಿಯ ಗೋಪುರ ಎಲ್ಲವೂ ಹಳದಿ ಧೂಳಿನಲ್ಲಿ ಮುಳುಗಿದ್ದವು. ಕಿಟಕಿಯ ಸಂದಿಗೆ ವನಜ ಒದ್ದೆ ಬಟ್ಟೆ ತುರುಕಿದಳು. ಹೊರಗೆ ಹೋಗುವ ಮಾತೇ ಇಲ್ಲ. ನಾನು ಮೇಜಿನ ದೀಪ ಹಚ್ಚಿಕೊಂಡು ಪುಸ್ತಕ ತೆರೆದೆ.

ಸಾಲ್ವದೋರನ ಬರಹ ಕೊನೆಯ ನಾಲ್ಕು ಸಭೆಗಳದ್ದು ಮಾತ್ರ. ದುಂಡಗಿನ, ನೇರವಾದ ಅಕ್ಷರ. ಕೊನೆಯ ಪುಟಕ್ಕೆ ಅಧ್ಯಕ್ಷರ ಸಹಿ ಇಲ್ಲ. ಹಾಜರಿ ಇಪ್ಪತ್ತೆರಡು, ಹದಿನೈದು, ಹನ್ನೆರಡು, ಗೊತ್ತುವಳಿ ಗೆದ್ದಿತು. ನಾನು ಬರೆದ ಹಾಗೆಯೇ ಇತ್ತು. ಅದರ ಕೆಳಗೆ ಇನ್ನೆರಡು ಸಾಲು ಇದ್ದವು. ಇಂಗ್ಲಿಷಿನ ಆ ಸಾಲುಗಳನ್ನು ಕನ್ನಡದಲ್ಲಿ ಹೇಳುವುದಾದರೆ, ‘ಎಣಿಕೆಯ ಬಗ್ಗೆ ಅಧ್ಯಕ್ಷರು ಕೇಳಿದರು. ಕಾರ್ಯದರ್ಶಿಯು ತಾನು ಎದ್ದು ಹೋಗಿ ಎಣಿಸಿದುದಾಗಿ ತಿಳಿಸಿದನು.’

ಮೊದಲ ಸಲ ಓದಿ ಪುಟ ತಿರುವಿದೆ. ಆಮೇಲೆ ಹಿಂದಕ್ಕೆ ಬಂದೆ. ಆ ಕೋಣೆ ನನಗೆ ಗೊತ್ತು. ಅದರಲ್ಲೇ ನಾನು ಹತ್ತು ವರ್ಷ ಪಾಠ ಮಾಡಿದ್ದೇನೆ. ಮೇಜಿನ ಬಳಿ ನಿಂತರೆ ಇಪ್ಪತ್ತೆರಡು ಜನ ಒಂದೇ ನೋಟಕ್ಕೆ ಸಿಗುತ್ತಾರೆ. ಅವರನ್ನು ಎಣಿಸಲು ಯಾರೂ ಎದ್ದು ಹೋಗಬೇಕಾಗಿಲ್ಲ. ಹಾಗಾದರೆ ಸಾಲ್ವದೋರ್ ಎದ್ದು ಎಲ್ಲಿಗೆ ಹೋದ?

ಉಮ್ ಖಾಲಿದ್ ಕೂತಿದ್ದ ಜಾಗ ಕಣ್ಣಿಗೆ ಬಂತು. ಆ ಐದು ಜನ ಯಾರಂತೆ ಎಂಬ ಕೂಸಪ್ಪನ ಪ್ರಶ್ನೆಯೂ ಜತೆಗೇ ಬಂತು. ಪುಸ್ತಕವನ್ನು ಮೊದಲ ಪುಟದಿಂದ ಓದಲು ಕೂತೆ. ಅದು ಸಾಲ್ವದೋರನಿಗಿಂತ ಮೊದಲಿನ ಕಾರ್ಯದರ್ಶಿಯ ಇರುವೆ ಸಾಲಿನಂಥ ಅಕ್ಷರ. ಮೊದಲ ಪುಟದಲ್ಲಿ ಕೂಟದ ನಿಯಮಗಳು. ನಾಲ್ಕನೆಯ ನಿಯಮ, ‘ಸಭೆಯ ಹೊತ್ತಿಗೆ ಹಾಜರಿರುವ ಈ ಕಾಲೇಜಿನ ಪ್ರತಿ ವಿದ್ಯಾರ್ಥಿಗೂ ಒಂದು ಮತವುಂಟು.’ ಆರನೆಯ ಸಭೆಯ ನಡಾವಳಿಯಲ್ಲಿ ಹೀಗಿತ್ತು. ‘ಕೆಳಗಿನ ತರಗತಿಯ ಐವರು ವಿದ್ಯಾರ್ಥಿಗಳು ಚರ್ಚೆ ಕೇಳಲು ಅಪೇಕ್ಷಿಸಿದ್ದಾರೆ. ಅವರೊಡನೆ ಒಂದೇ ಬೆಂಚಿನಲ್ಲಿ ಕೂರಲು ಹಲವು ಸದಸ್ಯರ ಆಕ್ಷೇಪವಿರುವುದರಿಂದ, ಅವರು ಜಗಲಿಯಲ್ಲಿ, ಕಿಟಕಿಯ ಕೆಳಗೆ ಕೂರತಕ್ಕದ್ದು. ಹಾಜರಿ ಕೂಗುವಾಗ ಅವರ ಹೆಸರು ಕೂಗತಕ್ಕದ್ದಲ್ಲ.’ ಕೆಳಗೆ ಐದು ಹೆಸರು. ಅಂಗಾರ, ತನಿಯ, ಐತ, ಗುರುವ, ಬಾಬು. ಒಳಗಿನವರ ಹೆಸರಿಗೆಲ್ಲ ಮುಂದೆ ಎರಡೆರಡು ಅಕ್ಷರ, ಹಿಂದೆ ಮನೆತನದ ಹೆಸರು ಇದ್ದವು. ಈ ಐವರಿಗೆ ಹೆಸರು ಬಿಟ್ಟು ಬೇರೇನೂ ಇರಲಿಲ್ಲ.

ಜಗಲಿಯವರು ಹಾಜರಿಗೆ ಇಲ್ಲ, ನಿಯಮದ ಪ್ರಕಾರ ಮತಕ್ಕೆ ಇದ್ದಾರೆ. ಅಲ್ಲಿಯವರೆಗೆ ಅವರ ಕೈಯನ್ನು ಯಾರೂ ನೋಡಿರಲಿಲ್ಲ. ಒಳಗೆ ಗೊತ್ತುವಳಿ ಸೋತಿರದಿದ್ದರೆ ತಿದ್ದು ಎಂಬ ಹಟವೇ ಇರುತ್ತಿರಲಿಲ್ಲ, ಅಂದರೆ ಹೊರಗಿನ ಐದು ಕೈಯೂ ಪರವೇ. ಆ ಶನಿವಾರ ಸಾಲ್ವದೋರ್ ಒಳಗೆ ಎಣಿಸಿದ, ಪರ ಹತ್ತು, ವಿರೋಧ ಹನ್ನೆರಡು. ಆಮೇಲೆ ಮೇಜು ಬಿಟ್ಟು ಎದ್ದು, ಬಾಗಿಲು ದಾಟಿ ಜಗಲಿಗೆ ಹೋಗಿ ಉಳಿದ ಐದು ಕೈಗಳನ್ನೂ ಎಣಿಸಿದ. ಕಡಲು ದಾಟಿದವನನ್ನು ಒಳಗೆ ಕರೆದುಕೊಳ್ಳಿ ಎಂದು ಕೈ ಎತ್ತಿದ ಆ ಐವರಿಗೆ ಒಳಗೆ ಬರಲು ಅಪ್ಪಣೆ ಇರಲಿಲ್ಲ.

ಅವರನ್ನೇ ನಾನು ಭೂತಗಳು ಎಂದಿದ್ದೆ. ಅಚ್ಚಿನಲ್ಲಿ ಅಂದೆ, ವೇದಿಕೆಗಳಲ್ಲಿ ಅಂದೆ, ಅಂದಾಗಲೆಲ್ಲ ಚಪ್ಪಾಳೆ ತೆಗೆದುಕೊಂಡೆ. ನನಗೆ ತುಂಬ ನಾಚಿಕೆಯಾಯಿತು. ವನಜ ಊಟಕ್ಕೆ ಕರೆದಾಗ ಹಸಿವಿಲ್ಲ ಎಂದೆ. ಧೂಳಿನಿಂದ ಎಲ್ಲರಿಗೂ ಹಾಗೇ ಆಗ್ತದೆ ಟೀಚರ್ ಎಂದು ಅವಳು ಮಜ್ಜಿಗೆ ತಂದಿಟ್ಟಳು.

ಬೆನೆಡಿಕ್ಟರ ಕೋಣೆಯಲ್ಲಿ

ಗುರುವಾರ ಧೂಳು ಇಳಿದಿತ್ತು. ಕೂಸಪ್ಪ ಕೆಲಸ ಮುಗಿಸಿ ಬಂದು ನನ್ನನ್ನು ಬೆನೆಡಿಕ್ಟರ ಮನೆಗೆ ಕರೆದೊಯ್ದ. ಅರ್ಧ ಮನೆ ಆಗಲೇ ರಟ್ಟಿನ ಪೆಟ್ಟಿಗೆಗಳೊಳಗೆ ಹೋಗಿತ್ತು. ಎರಡು ಪುಟಗಳನ್ನೂ ಅವರೆದುರು ತೆರೆದಿಟ್ಟು, ಬೆರಳಿಟ್ಟು ಓದಿ ಹೇಳಿದೆ.

ಅವರು ಬಹಳ ಹೊತ್ತು ಐದು ಹೆಸರುಗಳನ್ನೇ ನೋಡುತ್ತಿದ್ದರು. “ಈ ಪುಟ ನಾನು ಓದಲೇ ಇಲ್ಲ ಮೇಡಂ. ಇದು ಅಜ್ಜನ ಅಕ್ಷರ ಅಲ್ಲ ಅಂತ ಬಿಟ್ಟುಬಿಟ್ಟೆ” ಎಂದರು. ಕಣ್ಣು ತುಂಬಿತ್ತು. ಕನ್ನಡಕ ತೆಗೆದು ಒರೆಸಿದರು, ಆ ಶುಕ್ರವಾರ ಒರೆಸಿದ ಹಾಗೆಯೇ.

“ತಪ್ಪು ನನ್ನದು. ನಿಮ್ಮ ಅಜ್ಜ ಸುಳ್ಳು ಬರೆದಿರಲಿಲ್ಲ. ಕ್ಷಮಿಸಿ” ಎಂದೆ.

“ಅಯ್ಯೋ, ದೊಡ್ಡ ಮಾತು ಬೇಡ” ಎಂದವರು ನೆಲ ನೋಡುತ್ತ, ಮೆತ್ತಗೆ ಕೇಳಿದರು. “ಅಲ್ಲಿ ನೀವು ಎಲ್ಲರ ಎದುರು ಹೇಳಿದ್ದು. ನನ್ನ ಹತ್ತಿರ ಮಾತ್ರ ಹೇಳಿದ್ರೆ ಸಾಕಾ ಮೇಡಂ?”

ಸಾಕು ಅನ್ನಿ ಎಂದು ನನ್ನ ಮನಸ್ಸು ಅಂಗಲಾಚುತ್ತಿತ್ತು. ಊರಿಗೆ ಹೋದ ಮೇಲೆ ಮುಂದಿನ ಮುದ್ರಣದಲ್ಲಿ ತಿದ್ದುಪಡಿ ಹಾಕುತ್ತೇನೆ ಎಂಬ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ಅರವತ್ತರ ವಯಸ್ಸಿನಲ್ಲಿ, ನಗಿಸಿದ ಜಾಗದಲ್ಲೇ ನಿಂತು ತಪ್ಪಾಯಿತು ಎನ್ನುವುದು ಹೇಗೆ? ಬಾಗಿಲ ಬಳಿ ಕೂಸಪ್ಪ ಚಪ್ಪಲಿ ಬಿಚ್ಚಿ ನಿಂತಿದ್ದ, ಎಲ್ಲ ಕೇಳಿಸಿಕೊಂಡಿದ್ದ. ಅವನ ಮುಖವನ್ನೂ ನೋಡಲಾಗಲಿಲ್ಲ.

“ಸಾಲದು” ಎಂದೆ.

ಎರಡನೆಯ ಶುಕ್ರವಾರ

ಬೀಳ್ಕೊಡುಗೆಯ ಊಟಕ್ಕೆ ಕೂಟದ ಕೆಲವು ಮನೆಗಳವರು ಅದೇ ಶಾಲೆಯಲ್ಲಿ, ಚಿಕ್ಕ ಕೋಣೆಯೊಂದರಲ್ಲಿ ಸೇರಿದ್ದರು. ಸುಲೈಬಿಯಾ ಎಂಬಲ್ಲಿನ ನಮ್ಮ ಕಡೆಯವರ ಅಡುಗೆಮನೆಯೊಂದರಿಂದ ಕೋರಿರೊಟ್ಟಿ, ನೀರುದೋಸೆ ಬಂದಿತ್ತು. ಪಾತ್ರೆಗಳನ್ನು ಹೊತ್ತು ತಂದ ಇಬ್ಬರು ಕಾಸರಗೋಡಿನ ಅಡುಗೆಯವರು ಕೂಸಪ್ಪನ ಜತೆ ಬಾಗಿಲಾಚೆ ನಿಂತಿದ್ದರು. ಊಟಕ್ಕೆ ಮುಂಚೆ ಎರಡು ಮಾತು ಎಂದು ಸದಾನಂದರು ನನ್ನನ್ನು ಎಬ್ಬಿಸಿದರು. ನಗಲು ಸಿದ್ಧವಾದ ಮುಖಗಳು ನನ್ನತ್ತ ತಿರುಗಿದವು.

ಪುಸ್ತಕ ತೆರೆದು ಆರನೆಯ ಸಭೆಯ ಪುಟ ಓದಿದೆ. ಐದು ಹೆಸರು ಓದಿದೆ. ಆಮೇಲೆ ಕೊನೆಯ ಪುಟ. “ಹೋದ ವಾರ ನಾನು ಭೂತಗಳು ಅಂದದ್ದು ಇವರನ್ನು. ಸುಳ್ಳು ಬರೆದವ ಅಂದದ್ದು ಇವರನ್ನು ಎಣಿಸಿದವನನ್ನು. ಕಡಲು ದಾಟಿದ ನಮ್ಮನ್ನೆಲ್ಲ ಮನೆಯೊಳಗೆ ಸೇರಿಸಿಕೊಳ್ಳಿ ಅಂತ ಕೈ ಎತ್ತಿದವರನ್ನು ನೋಡಿ ನಾನು ನಗಿಸಿದೆ, ನೀವು ನಕ್ಕಿರಿ. ನಿಮ್ಮ ತಪ್ಪಿಲ್ಲ. ತಪ್ಪು ನನ್ನದು.”

ನನಗೆ ನಿಯಮ ನೆನಪಿತ್ತು. ಓದಿದ ನಡಾವಳಿಯನ್ನು ಸಭೆ ಒಪ್ಪಬೇಕು. “ಈ ನಡಾವಳಿಯನ್ನು ಇಷ್ಟು ವರ್ಷ ಯಾರೂ ಓದಿಸಿಲ್ಲ, ಸಹಿ ಬಿದ್ದಿಲ್ಲ. ಇದು ಸರಿಯಿದೆ ಅನ್ನುವವರು ಕೈ ಎತ್ತಿ.”

ಕೈಗಳು ಎದ್ದವು. ಮೊದಲು ವನಜ, ಆಮೇಲೆ ಸದಾನಂದರು, ಆಮೇಲೆ ಕೋಣೆಯೆಲ್ಲ. ವನಜಳ ಮಗಳೂ ಎತ್ತಿದಳು. ನಾನು ನಿಂತಲ್ಲಿಂದಲೇ ಎಣಿಸತೊಡಗಿದೆ. ಅಷ್ಟರಲ್ಲಿ ಬೆನೆಡಿಕ್ಟ್ ಕುರ್ಚಿಯಿಂದ ಎದ್ದರು. ಒಂದೊಂದು ಸಾಲಿನ ಪಕ್ಕದಲ್ಲೂ ನಡೆದು, ತುಟಿಯಲ್ಲೇ ಸಂಖ್ಯೆ ಹೇಳುತ್ತ ಎಣಿಸಿದರು. ಕೊನೆಯ ಸಾಲು ಮುಗಿದ ಮೇಲೂ ನಿಲ್ಲದೆ ಬಾಗಿಲಿಗೆ ಹೋದರು. ಬಾಗಿಲಾಚೆ ಕೂಸಪ್ಪ, ಎತ್ತಲೋ ಬೇಡವೋ ಎಂಬಂತೆ, ಕೈಯನ್ನು ಭುಜದವರೆಗೆ ಎತ್ತಿ ನಿಂತಿದ್ದ. ಅವನನ್ನು ನೋಡಿ ಅಡುಗೆಯವರಿಬ್ಬರೂ ಎತ್ತಿದರು. ಬೆನೆಡಿಕ್ಟ್ ಮೂವರನ್ನೂ ಎಣಿಸಿ ತಿರುಗಿ ಬಂದರು.

“ಒಳಗೆ ನಲವತ್ತಮೂರು. ಬಾಗಿಲಲ್ಲಿ ಮೂರು. ಒಟ್ಟು ನಲವತ್ತಾರು” ಎಂದರು.

ನೂರು ವರ್ಷದ ಹಾಳೆಯ ಮೇಲೆ ಪೆನ್ನು ಇಡಲು ನನ್ನ ಕೈ ಬರಲಿಲ್ಲ. ಅವರೇ ಜೇಬಿನಿಂದ ಆಸ್ಪತ್ರೆಯ ಬಿಳಿ ಚೀಟಿಯೊಂದನ್ನು ತೆಗೆದು ಎಣಿಕೆ ಬರೆದು ಕೊಟ್ಟರು. ನಾನು ಕೆಳಗೆ ಸಹಿ ಹಾಕಿದೆ. ಅದನ್ನು ಕೊನೆಯ ಪುಟದೊಳಗಿಟ್ಟು, ಪುಸ್ತಕ ಮುಚ್ಚಿ, ನನ್ನ ಕಡೆ ಚಾಚದೆ ತಮ್ಮ ಕಂಕುಳಲ್ಲಿಟ್ಟುಕೊಂಡರು.

“ಇದನ್ನು ನೀವು ಕೊಂಡೋಗುದು ಬೇಡ ಮೇಡಂ. ಮುಂದಿನ ತಿಂಗಳು ನಾನೇ ತರ್ತೇನೆ. ಕಾಲೇಜಿನ ಎದುರಿನ ಬಾಗಿಲಿನಿಂದ ಹೋಗಿ, ಅಜ್ಜನ ಹೆಸರು ಹೇಳಿ ಕೊಡ್ತೇನೆ.”

ಶನಿವಾರ ಬೆಳಿಗ್ಗೆ ಕೂಸಪ್ಪ ನನ್ನನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟ. ಪುಸ್ತಕ ಇಡಲೆಂದು ಬುಧವಾರವೇ ಕೈಚೀಲದಲ್ಲಿ ಬಟ್ಟೆ ಸರಿಸಿ, ಮೆತ್ತನೆಯ ಟವೆಲು ಹಾಸಿ ಜಾಗ ಮಾಡಿಟ್ಟಿದ್ದೆ. ಊರು ಮುಟ್ಟುವವರೆಗೂ ಅದು ಖಾಲಿಯಾಗಿಯೇ ಇತ್ತು.